ಮೈದನಹಳ್ಳಿಯ ಹುಲ್ಲುಬಯಲು

ಉತ್ತರ ಅಮೆರಿಕದ ‘ಪ್ರೇರಿ’ ಹುಲ್ಲುಬಯಲುಗಳಲ್ಲಿ ಸುಂದರವಾದ ಗಾಲ್ಫ್ ಮೈದಾನಗಳಿವೆ. 18 ಕುಳಿಗಳ ಒಂದು ಮೈದಾನಕ್ಕೆ ಸುಮಾರು 150 ಎಕರೆ ಬೇಕು. ಅಲ್ಲಿನ ಹುಲ್ಲಿಗೆ ನೀರು ಹಾಯಿಸಬೇಕು, ಆಗಾಗ ಕತ್ತರಿಸಬೇಕು.

ಮಳೆ ಕಡಿಮೆಯಿರುವ ನಮ್ಮ ಮಧುಗಿರಿ ತಾಲ್ಲೂಕಿನಲ್ಲೂ ಅಂಥದೊಂದು ಬಯಲಿದೆ. ಮೈದನಹಳ್ಳಿಯ ಈ ಹುಲ್ಲುಗಾವಲಿನ ವಿಸ್ತೀರ್ಣ 798 ಎಕರೆ. ಇದಕ್ಕೆ ನೀರು ಹಾಯಿಸುವವರಿಲ್ಲ. ಕತ್ತರಿಸುವ ಕೆಲಸ ಕೃಷ್ಣಮೃಗಗಳದು! 2007ರಲ್ಲಿ ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಜನ ಕೃಷ್ಣಮೃಗವನ್ನು ಜಿಂಕೆ ಎನ್ನುವುದುಂಟು. ಆದರೆ ಜಿಂಕೆಯ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ತಿರುಚು ಕೊಂಬು ಉದುರುವುದಿಲ್ಲ.

ನೀರೆರೆಯದೆ ಹುಲ್ಲು ಬದುಕುವುದು ಹೇಗೆ? ಬೇಸಿಗೆಯಲ್ಲಿ ಎಲೆಗಳು ಒಣಗಿದರೂ ಬುಡ ಮತ್ತು ಬೇರು ಜೀವ ಹಿಡಿದಿರುತ್ತವೆ. ಮಳೆ ಬಿದ್ದೊಡನೆ ಚಿಗುರುತ್ತವೆ. ಆ ಬೇರುಗಳೇ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತವೆ.

ಗಿಡ ನೆಡುವುದು ಪುಣ್ಯದ ಕೆಲಸವೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಹುಲ್ಲುಬಯಲಿನಲ್ಲಿ ಮರಗಳು ದಟ್ಟವಾದರೆ ನೆರಳಿಗೆ ಹುಲ್ಲು ಸೊರಗುತ್ತದೆ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಪಾರಾಗುವ ಕೃಷ್ಣಮೃಗಕ್ಕೆ ನೋಟ, ಓಟ ಎರಡಕ್ಕೂ ಅಡ್ಡಿ.

ಪೋಷಕರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಪ್ರಾಣಿಗಳನ್ನು ಬೆನ್ನಟ್ಟದೆ, ದೂರದಿಂದಲೇ ತೋರಿಸಲಿ. ಮರವಿಲ್ಲದ ನೆಲವೆಲ್ಲ ಬಂಜರಲ್ಲ ಎಂಬ ಪಾಠ ಅಲ್ಲಿ ಕಣ್ಣಾರೆ ಸಿಗುತ್ತದೆ.