ಕಣ್ಣಿನ ಕೆರೆಗೆ ಹೊಸ ತೂಬು

ಕಣ್ಣಿಗೆ ಪೊರೆ ಬಂದರೆ ಆಪರೇಷನ್ ಮಾಡಿ ತೆಗೆಯುತ್ತಾರೆ, ಮತ್ತೆ ಕಾಣುತ್ತದೆ. ಆದರೆ ಗ್ಲಾಕೋಮಾ ಎಂಬ ಇನ್ನೊಂದು ರೋಗವಿದೆ. ಅದರಲ್ಲಿ ಹೋದ ದೃಷ್ಟಿ ವಾಪಸ್ ಬರೋದೇ ಇಲ್ಲ. ಹಾಗಾದರೆ ಅದಕ್ಕೆ ಆಪರೇಷನ್ ಯಾಕೆ? ಉಳಿದಿರುವ ದೃಷ್ಟಿಯನ್ನು ಕಾಪಾಡಲು.

ನಮ್ಮ ಕಣ್ಣೊಳಗೆ ಒಂದು ತಿಳಿನೀರು ಸದಾ ಊರುತ್ತಿರುತ್ತದೆ. ಇದು ಕಣ್ಣೀರಲ್ಲ. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಜರಡಿಯಂಥ ದಾರಿಯಿಂದ ಅದು ಹೊರಗೆ ಹೋಗಿ ರಕ್ತಕ್ಕೆ ಸೇರುತ್ತದೆ. ಆ ದಾರಿ ಕಟ್ಟಿಕೊಂಡರೆ, ತೂಬು ಮುಚ್ಚಿದ ಕೆರೆಯ ಹಾಗೆ ಒಳಗೆ ಒತ್ತಡ ಏರುತ್ತದೆ. ಆಗ ಕಣ್ಣಿನ ಹಿಂದಿರುವ ದೃಷ್ಟಿನರ ನಿಧಾನವಾಗಿ ಸಾಯುತ್ತದೆ. ಬಹಳ ಜನರಿಗೆ ನೋವೇ ಇರೋದಿಲ್ಲ. ಮೊದಲು ಪಕ್ಕದ ನೋಟ ಹೋಗುವುದರಿಂದ ಗೊತ್ತೂ ಆಗೋದಿಲ್ಲ.

ಕಣ್ಣಿನ ಹನಿ ಔಷಧಿಗೂ ಲೇಸರ್‌ಗೂ ಒತ್ತಡ ಇಳಿಯದಿದ್ದರೆ ಆಪರೇಷನ್ ಮಾಡುತ್ತಾರೆ. 1857ರಲ್ಲಿ ಜರ್ಮನಿಯ ವೈದ್ಯ ಫಾನ್ ಗ್ರೇಫೆ, ಪಾಪೆಯ ಸುತ್ತಲಿನ ಬಣ್ಣದ ಪರದೆಯ ಚೂರೊಂದನ್ನು ತೆಗೆಯುವ ವಿಧಾನ ತಿಳಿಸಿದರು. ಆದರೆ ಅದು ಎಲ್ಲಾ ತರದ ಗ್ಲಾಕೋಮಾಕ್ಕೂ ಆಗಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಕೇರ್ನ್ಸ್ ಎಂಬ ವೈದ್ಯರು ಟ್ರಾಬೆಕ್ಯುಲೆಕ್ಟಮಿ ಎಂಬ ಆಪರೇಷನ್ ಬಗ್ಗೆ ಬರೆದರು. ಇದರಲ್ಲಿ ಬಿಳಿಗುಡ್ಡೆಯಲ್ಲಿ ಚಿಕ್ಕ ಹೊಸ ತೂಬು ಮಾಡಿ, ಅದರ ಮೇಲೆ ಮುಚ್ಚಳದಂತೆ ಒಂದು ಪದರ ಬಿಡುತ್ತಾರೆ. ಮುಚ್ಚಳ ಯಾಕೆಂದರೆ, ನೀರು ಒಮ್ಮೆಗೇ ಹರಿದು ಒತ್ತಡ ತೀರಾ ಇಳಿದರೂ ಕಣ್ಣಿಗೆ ಅಪಾಯ.

ಇಲ್ಲೊಂದು ವಿಚಿತ್ರ ತೊಂದರೆ ಇದೆ. ನಮ್ಮ ದೇಹಕ್ಕೆ ಅದು ತೂಬು ಅಂತ ಗೊತ್ತಿಲ್ಲ, ಗಾಯ ಅಂದುಕೊಂಡು ಮುಚ್ಚಿಬಿಡುತ್ತದೆ! ಮೊಣಕಾಲಿನ ಗಾಯ ಮಾಯೋದು ಒಳ್ಳೆಯದು, ಇಲ್ಲಿ ಮಾಯೋದೇ ಕಷ್ಟ. ಅದಕ್ಕೆ ಗಾಯ ಬೇಗ ಕೂಡದಂತೆ ಆಪರೇಷನ್ ವೇಳೆ ಮೈಟೋಮೈಸಿನ್ ಎಂಬ ಔಷಧಿ ಹಚ್ಚುತ್ತಾರೆ. 1969ರಲ್ಲಿ ಮೋಲ್ಟೆನೋ ಎಂಬ ವೈದ್ಯರು ಇನ್ನೊಂದು ಉಪಾಯ ತಿಳಿಸಿದರು. ಅದೇ ನೀರು ಹೊರಹೋಗಲು ಸಣ್ಣ ಕೊಳವೆ ಇಡುವುದು. ಇಂಥ ಕೊಳವೆಯನ್ನು ಈಗ ನಮ್ಮ ದೇಶದಲ್ಲೇ, ಮದುರೈನ ಅರೋಲ್ಯಾಬ್‌ನಲ್ಲಿ, ಕಡಿಮೆ ಬೆಲೆಗೆ ತಯಾರಿಸುತ್ತಾರೆ. ಸುಮಾರು ಒಂದು ಮಿಲಿಮೀಟರ್ ಉದ್ದದ ಕೊಳವೆಗಳೂ ಬಂದಿವೆ.

ಆದರೆ ಎಷ್ಟು ಒಳ್ಳೆ ಆಪರೇಷನ್ ಬಂದರೂ ಸತ್ತ ನರ ಚಿಗುರುವುದಿಲ್ಲ. ಈ ರೋಗ ಇರುವವರ ಮಕ್ಕಳಿಗೂ ಒಡಹುಟ್ಟಿದವರಿಗೂ ಇದು ಬರುವ ಸಂಭವ ಹೆಚ್ಚು. ನಮ್ಮ ಅಜ್ಜಿಗೆ ಇದರಿಂದ ಒಂದು ಕಣ್ಣು ಹೋಗಿದೆ. ಅಪ್ಪನಿಗೆ ತೋರಿಸಿಕೊಳ್ಳಿ ಅಂದರೆ, "ನನಗೆ ಚೆನ್ನಾಗೇ ಕಾಣ್ತದಲ್ಲ" ಅಂತಾರೆ. ಚೆನ್ನಾಗಿ ಕಾಣುವಾಗಲೇ ತೋರಿಸಬೇಕಾದ ರೋಗ ಇದು. ನಿಮ್ಮ ಮನೆಯಲ್ಲೂ ಹೇಳಿ.

– ಏಳನೇ ತರಗತಿ