ಮಂಡೆಲ್ ಪಂಡಿತರ ಏಕನಾಣ್ಯ ವಿಚಾರ

ಪ್ರಪಂಚದ ಹಣಕಾಸಿನ ವಿಚಾರವೆಂದರೆ ನಮಗೂ ಅದಕ್ಕೂ ಏನು ಸಂಬಂಧವೆಂದು ಅನೇಕ ಗೃಹಸ್ಥರು ಪತ್ರಿಕೆಯ ಆ ಪುಟವನ್ನು ಓದದೆಯೇ ಮಗುಚಿಬಿಡುವುದುಂಟು. ಆದರೆ ಒಬ್ಬ ವಿದ್ವಾಂಸನು ಬರೆದ ಕೆಲವೇ ಪುಟಗಳ ವಿಚಾರವು ನಲವತ್ತು ವರ್ಷಗಳ ತರುವಾಯ ಕೋಟ್ಯಂತರ ಸಂಸಾರಗಳ ಹಣದ ಚೀಲವನ್ನು ಹೊಕ್ಕ ದೃಷ್ಟಾಂತವೊಂದಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ರಾಬರ್ಟ್ ಮಂಡೆಲ್ ಮಹಾಶಯರು 1932ರಲ್ಲಿ ಕೆನಡಾ ದೇಶದ ಕಿಂಗ್‌ಸ್ಟನ್ ಎಂಬ ಊರಿನಲ್ಲಿ ಜನಿಸಿದರು. 1961ರಲ್ಲಿ ಅವರು ಒಂದು ಸಣ್ಣ ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ಎತ್ತಿದ ಪ್ರಶ್ನೆ ಬಹು ಸರಳವಾದುದು: ಒಂದು ನಾಣ್ಯವು ಎಷ್ಟು ವಿಸ್ತಾರವಾದ ಪ್ರದೇಶದಲ್ಲಿ ಚಲಾವಣೆಯಾದರೆ ಜನರಿಗೆ ಹಿತ? ರಾಜ್ಯದ ಎಲ್ಲೆಯೇ ನಾಣ್ಯದ ಎಲ್ಲೆಯೂ ಆಗಬೇಕೆಂಬ ನಿಯಮವುಂಟೇ?

ಅವರು ಕೊಟ್ಟ ನಿದರ್ಶನವಿದು. ಕೆನಡಾ ಮತ್ತು ಅಮೆರಿಕ ದೇಶಗಳೆರಡರಲ್ಲಿಯೂ ಪೂರ್ವಭಾಗದವರು ಮೋಟಾರುಗಳನ್ನೂ ಪಶ್ಚಿಮಭಾಗದವರು ಮರಮುಟ್ಟನ್ನೂ ಉತ್ಪಾದಿಸುವರೆಂದು ಭಾವಿಸೋಣ. ಮೋಟಾರಿಗೆ ಗಿರಾಕಿ ತಗ್ಗಿ ಮರಕ್ಕೆ ಹೆಚ್ಚಿದರೆ, ಪೂರ್ವದಲ್ಲಿ ನಿರುದ್ಯೋಗವೂ ಪಶ್ಚಿಮದಲ್ಲಿ ಬೆಲೆಯೇರಿಕೆಯೂ ಉಂಟಾಗುವುವು. ಆಗ ಎರಡು ದೇಶಗಳ ನಾಣ್ಯಗಳ ವಿನಿಮಯ ದರವನ್ನು ಬದಲಾಯಿಸಿ ಫಲವೇನು? ಕಷ್ಟವು ದೇಶದ ಗಡಿಯನ್ನು ಅನುಸರಿಸಿ ಬಂದುದಲ್ಲವಷ್ಟೆ! ಆದುದರಿಂದ ಕೆಲಸವಿಲ್ಲದವರು ಕೆಲಸವಿರುವಲ್ಲಿಗೆ ಸುಲಭವಾಗಿ ಹೋಗಬಲ್ಲ ಪ್ರದೇಶವೇ ಏಕನಾಣ್ಯಕ್ಕೆ ಯೋಗ್ಯವಾದ ಕ್ಷೇತ್ರವೆಂದು ಅವರು ನಿರ್ಣಯಿಸಿದರು. ಕಷ್ಟದಲ್ಲಿರುವ ಭಾಗಕ್ಕೆ ನೆರವಾಗುವ ಒಂದು ಸಮಾನ ಬೊಕ್ಕಸವೂ ಆವಶ್ಯಕವೆಂದು ಪೀಟರ್ ಕೆನೆನ್ ಎಂಬ ವಿದ್ವಾಂಸರು 1969ರಲ್ಲಿ ತೋರಿಸಿದರು.

ನಮ್ಮ ದೇಶವನ್ನೇ ನೋಡಬಹುದು. ಮಳೆ ತಪ್ಪಿದ ವರ್ಷ ಕಲಬುರಗಿಯ ಕಡೆಯ ಕೂಲಿಗಾರನು ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುತ್ತಾನೆ. ಕೇಂದ್ರ ಸರಕಾರವು ತೆರಿಗೆಯ ಪಾಲನ್ನು ರಾಜ್ಯಗಳಿಗೆ ಹಂಚುತ್ತದೆ. ಇಷ್ಟು ಭಾಷೆಗಳ ನಾಡಿನಲ್ಲಿ ಒಂದೇ ರೂಪಾಯಿ ನಡೆದುಬರುವುದಕ್ಕೆ ಇವೆರಡೂ ಆಧಾರಗಳು.

ಮಂಡೆಲ್ ಮಹಾಶಯರು 1963ರಲ್ಲಿ ಮತ್ತೊಂದು ತತ್ತ್ವವನ್ನು ಪ್ರತಿಪಾದಿಸಿದರು. ಹಣವು ಗಡಿ ದಾಟಿ ನಿರಾತಂಕವಾಗಿ ಹರಿಯುವಾಗ, ವಿನಿಮಯ ದರವನ್ನು ಸ್ಥಿರವಾಗಿ ಕಟ್ಟಿಹಾಕಿದ ದೇಶವು ತನ್ನ ಬಡ್ಡಿಯ ದರವನ್ನು ತನ್ನ ಇಷ್ಟದಂತೆ ನಡೆಸಲಾರದು. ಮಾರ್ಕಸ್ ಫ್ಲೆಮಿಂಗ್ ಎಂಬವರೂ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇಂಥದೇ ವಿಚಾರವನ್ನು ಮಂಡಿಸಿದುದರಿಂದ ಇದಕ್ಕೆ ಇಬ್ಬರ ಹೆಸರೂ ಸೇರಿಕೊಂಡಿದೆ.

ಈ ವಿಚಾರಗಳ ಪ್ರಭಾವವು ವಿದ್ಯಾಪೀಠಗಳಲ್ಲಿಯೇ ನಿಲ್ಲಲಿಲ್ಲ. 1999ರ ಜನವರಿ 1ರಂದು ಯೂರೋಪಿನ 11 ದೇಶಗಳು ಯೂರೋ ಎಂಬ ಏಕನಾಣ್ಯವನ್ನು ಅಂಗೀಕರಿಸಿದುವು. ಅದೇ ವರ್ಷ ಮಂಡೆಲರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅವರನ್ನು ಯೂರೋವಿನ ಜನಕರೆಂದು ಕೊಂಡಾಡಿದವರು ಬಹಳ ಮಂದಿ.

ಗ್ರೀಸ್ ದೇಶವು 2001ರಲ್ಲಿ ಈ ಕೂಟವನ್ನು ಸೇರಿತು. ಅಲ್ಲಿನ ಸರಕಾರವು ಮಿತಿಮೀರಿ ಸಾಲ ಮಾಡಿದುದೂ, ಲೆಕ್ಕದಲ್ಲಿ ಕೊರತೆಯನ್ನು ಕಡಮೆಯಾಗಿ ತೋರಿಸಿದುದೂ 2009ರ ಕೊನೆಯಲ್ಲಿ ಬೈಲಾಯಿತು. ಸ್ವಂತ ನಾಣ್ಯವಿದ್ದಿದ್ದರೆ ಅದರ ಬೆಲೆಯನ್ನು ಇಳಿಸಿ ಸರಕನ್ನು ಅಗ್ಗವಾಗಿ ಮಾರಿ ಒಂದಿಷ್ಟು ಉಸಿರಾಡಬಹುದಾಗಿತ್ತು, ಬಡ್ಡಿಯನ್ನಾದರೂ ಇಳಿಸಬಹುದಾಗಿತ್ತು. ಯೂರೋವಿನೊಳಗೆ ಆ ಎರಡು ಉಪಾಯಗಳೂ ಕೈತಪ್ಪಿದ್ದುವು. ಉಳಿದ ದಾರಿ ಸಂಬಳವನ್ನೂ ಪಿಂಚಣಿಯನ್ನೂ ಕತ್ತರಿಸುವುದೊಂದೇ. 2013ರಲ್ಲಿ ದುಡಿಯುವ ನೂರು ಮಂದಿಯಲ್ಲಿ 27 ಮಂದಿಗೆ ಕೆಲಸವಿರಲಿಲ್ಲ. ಪರದೇಶಕ್ಕೆ ಹೋಗಲು ಕಾನೂನಿನ ಅಡ್ಡಿಯಿಲ್ಲದಿದ್ದರೂ ಭಾಷೆಯೇ ಗೋಡೆಯಾಗಿತ್ತು. ಲಕ್ಷಾಂತರ ತರುಣರು ಹೊರಟೇಹೋದರು. ಮುದಿ ತಂದೆತಾಯಿಗಳು ಕುಂದಿದ ಪಿಂಚಣಿಯಲ್ಲಿ ಊರಲ್ಲಿಯೇ ಉಳಿದರು.

ನಮ್ಮ ತರ್ಕಶಾಸ್ತ್ರದ ಮಾತೊಂದು ಇಲ್ಲಿ ಸ್ಮರಣೀಯ. ಹೊಗೆಯಿದ್ದಲ್ಲಿ ಬೆಂಕಿಯಿರುವುದು ನಿಜ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆ ಸೇರಿದರೆ ಮಾತ್ರ ಹೊಗೆ. ಆ ಹಸಿ ಸೌದೆಯ ಯೋಗವನ್ನು ತಾರ್ಕಿಕರು ‘ಉಪಾಧಿ’ ಎಂದು ಕರೆದರು. ಏಕನಾಣ್ಯದಿಂದ ಸುಖವೆಂಬ ಸಿದ್ಧಾಂತಕ್ಕೆ ಜನಸಂಚಾರವೂ ಸಮಾನ ಬೊಕ್ಕಸವೂ ಉಪಾಧಿಗಳು. ರಾಜಕಾರಣಿಗಳು ಸಿದ್ಧಾಂತವನ್ನು ಹಿಡಿದು ಉಪಾಧಿಯನ್ನು ಬಿಟ್ಟರು. ಮಂಡೆಲ್ ಮಹಾಶಯರೂ ಈ ವಿಷಯದಲ್ಲಿ ಪೂರ್ಣ ನಿರ್ದೋಷಿಗಳೆಂದು ಹೇಳಲಾಗದು. ನಾಣ್ಯಕೂಟವು ವಿಶಾಲವಾದಷ್ಟೂ ನಷ್ಟವು ಹಂಚಿಹೋಗುವುದೆಂದು ಅವರು ಮುಂದಿನ ಬರಹಗಳಲ್ಲಿ ವಾದಿಸಿ, ಕೊನೆಯವರೆಗೂ ಯೂರೋವನ್ನು ಸಮರ್ಥಿಸಿದರು. ಅವರನ್ನು ಖಂಡಿಸಿದ ಪಂಡಿತರೋ 1961ರ ಅವರ ಲೇಖನವನ್ನೇ ಆಯುಧವಾಗಿ ಹಿಡಿದರು! ತನ್ನ ವಿಚಾರವು ಎರಡು ಪಕ್ಷಗಳಿಗೂ ಪ್ರಮಾಣವಾಗುವ ಭಾಗ್ಯ ಎಷ್ಟು ಮಂದಿಗೆ ಲಭಿಸೀತು?

2020ರ ಜುಲೈ ತಿಂಗಳಲ್ಲಿ ಯೂರೋಪಿನ ಮುಖಂಡರು ಸಾಂಕ್ರಾಮಿಕದಿಂದ ನೊಂದ ದೇಶಗಳ ನೆರವಿಗಾಗಿ ಒಟ್ಟಾಗಿ ಸಾಲವೆತ್ತಿ 75,000 ಕೋಟಿ ಯೂರೋಗಳ ನಿಧಿಯನ್ನು ಸ್ಥಾಪಿಸಲು ಒಪ್ಪಿದರು. ಬಿಟ್ಟುಹೋದ ಉಪಾಧಿಯೊಂದನ್ನು ತಡವಾಗಿ, ಕಿಂಚಿತ್ತಾಗಿ ಕೂಡಿಸಿದಂತಾಯಿತು. ಮಂಡೆಲ್ ಮಹಾಶಯರು 2021ರ ಏಪ್ರಿಲಿನಲ್ಲಿ ಇಟಲಿಯಲ್ಲಿ ದಿವಂಗತರಾದರು.

ಒಬ್ಬ ವಿದ್ವಾಂಸನ ಮಾತನ್ನು ಎಷ್ಟು ಜನ ಉದಾಹರಿಸಿದರೆಂದು ಎಣಿಸುವುದು ಸುಲಭ. ಅವನ ಷರತ್ತುಗಳನ್ನು ಎಷ್ಟು ಜನ ಪಾಲಿಸಿದರೆಂದು ವಿಚಾರಿಸುವವರು ವಿರಳ. ಕುಂದಿದ ಪಿಂಚಣಿಯಲ್ಲಿ ತಿಂಗಳು ಕಳೆಯುವ ಮುದುಕನಿಗಾದರೋ ಬೇಕಾಗಿದ್ದುದು ಆ ಎರಡನೆಯ ಲೆಕ್ಕವೇ.