ಉಚ್ಚೆಯಿಂದ ಉಸಿರು

ಸ್ಕ್ಯಾನಿಂಗ್ ಮುಗಿಸಿ ಬಂದ ಬಸುರಿ "ನೀರು ಕಡಿಮೆ ಇದೆಯಂತೆ" ಎಂದರೆ ಸಾಕು, ಮನೆಗೆ ಎಳನೀರಿನ ಗೊನೆಯೇ ಬಂದಿಳಿಯುತ್ತದೆ. ತಾಯಿ ಚೆನ್ನಾಗಿ ನೀರು ಕುಡಿದರೆ ಗರ್ಭಜಲ ಒಂದಿಷ್ಟು ಏರುವುದೂ ಉಂಟು. ಆದರೆ ಆ ನೀರಿನ ಮೂಲ ಹೇಳಿದರೆ ಮನೆಮಂದಿ ಮೂಗು ಮುರಿದಾರು. ನಾಲ್ಕು ತಿಂಗಳು ದಾಟಿದ ಮೇಲೆ ಅದರ ಬಹುಪಾಲು ಕೂಸಿನ ಉಚ್ಚೆ!

ಕೂಸು ಅದನ್ನೇ ನುಂಗುತ್ತದೆ, ಮತ್ತೆ ಹೊಯ್ಯುತ್ತದೆ. ಹೇಸಬೇಕಿಲ್ಲ. ಕೂಸಿನ ನೆತ್ತರು ತೊಳೆಯುವ ಕೆಲಸ ಮಾಸಿನದು. ಕಸವೆಲ್ಲ ಅದರ ಮೂಲಕ ತಾಯಿಯ ರಕ್ತಕ್ಕೆ ದಾಟುತ್ತದೆ. ಹಾಗಾದರೆ ಕೂಸಿನ ಕಿಡ್ನಿಗೇನು ಕೆಲಸ? ಶ್ವಾಸಕೋಶ ಬೆಳೆಯಲು ಬೇಕಾದ ನೀರು ಒದಗಿಸುವುದು. ಶ್ವಾಸಕೋಶ ತಾನೇ ಒಸರುವ ದ್ರವದಿಂದ ಉಬ್ಬಿಕೊಂಡು ಕವಲೊಡೆಯುತ್ತದೆ. ಸುತ್ತ ನೀರಿಲ್ಲದಿದ್ದರೆ ಆ ದ್ರವ ಹೊರಗೆ ಸೋರಿಹೋಗಿ, ಎದೆಗೂಡೂ ಅದುಮಿಕೊಂಡು, ಶ್ವಾಸಕೋಶ ಮುರುಟಿಬಿಡುತ್ತದೆ.

ಕೆಲವು ಗಂಡುಕೂಸುಗಳ ಮೂತ್ರನಾಳಕ್ಕೆ ತೆಳುವಾದ ಪೊರೆಯೊಂದು ಅಡ್ಡ ಬೆಳೆದಿರುತ್ತದೆ. ಉಚ್ಚೆ ಹೊರಬರದೆ ಸುತ್ತಲಿನ ನೀರು ಬತ್ತುತ್ತದೆ, ಮೂತ್ರಕೋಶ ಬಲೂನಿನಂತೆ ಊದುತ್ತದೆ. ಸ್ಕ್ಯಾನಿಂಗ್ ಪರದೆಯ ಮೇಲೆ ಅದು ಹಳೇ ಬೀಗದ ಕೀಲಿಕಂಡಿಯಂತೆ ಕಾಣುತ್ತದೆ: ಮೇಲೆ ದುಂಡು, ಕೆಳಗೆ ಗಿಡ್ಡ ಬಾಲ. ಒತ್ತಡ ಹಿಮ್ಮುಖವಾಗಿ ಏರಿ ಕಿಡ್ನಿಯನ್ನೂ ಕೆಡಿಸುತ್ತದೆ. ಇದಕ್ಕೂ ಗ್ರಹಣದ ನೆರಳಿಗೂ ನಂಟು ಹಾಕುವ ಹಿರಿಯರಿದ್ದಾರೆ. ಪೊರೆ ಮೂಡುವುದು ಬಸಿರಿನ ಮೊದಲ ಮೂರು-ನಾಲ್ಕು ತಿಂಗಳಲ್ಲಿ, ಯಾವ ಗ್ರಹಣಕ್ಕೂ ಕಾಯದೆ. ನೊಂದ ತಾಯಿಯ ಮೇಲೆ ತಪ್ಪು ಹೊರಿಸಲು ಸೂರ್ಯಚಂದ್ರರನ್ನೇಕೆ ಎಳೆಯಬೇಕೋ!

1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅದುವರೆಗೆ ಕುರಿಯ ಭ್ರೂಣಗಳ ಮೇಲೆ ಕೈ ಪಳಗಿಸಿಕೊಂಡಿದ್ದ ವೈದ್ಯ ಮೈಕೆಲ್ ಹ್ಯಾರಿಸನ್ ಅವರ ತಂಡ, ಗರ್ಭಕೋಶವನ್ನೇ ತೆರೆದು ಇಂಥದೊಂದು ಕೂಸಿನ ಮೂತ್ರಕ್ಕೆ ಬೇರೆ ದಾರಿ ಮಾಡಿ ಮತ್ತೆ ಹೊಲಿಯಿತು. ತಾಯಿ ಚೇತರಿಸಿಕೊಂಡರು, ಬಸಿರೂ ಮುಂದುವರಿಯಿತು. ಮಗು ಮಾತ್ರ ಹುಟ್ಟಿದ ಮೇಲೆ ಉಳಿಯಲಿಲ್ಲ. ಕಿಡ್ನಿಗಳು ಅಷ್ಟರಲ್ಲೇ ಹಾಳಾಗಿದ್ದವು.

ಈಗ ಅಷ್ಟು ಕೊಯ್ಯುವುದಿಲ್ಲ. ತಾಯಿಯ ಹೊಟ್ಟೆಯ ಮೂಲಕ ಸೂಜಿ ತೂರಿಸಿ ಸಣ್ಣ ಕೊಳವೆಯೊಂದನ್ನು ಬಿಡುತ್ತಾರೆ. ಎರಡೂ ತುದಿ ಹಂದಿಬಾಲದಂತೆ ಸುರುಳಿ. ಒಂದು ಕೂಸಿನ ಮೂತ್ರಕೋಶದೊಳಗೆ, ಇನ್ನೊಂದು ಹೊರಗೆ ಗರ್ಭಜಲದಲ್ಲಿ. ಸುರುಳಿ ಇರುವುದೇ ಜಾರದಿರಲಿ ಎಂದು, ಆದರೂ ಜಾರುತ್ತದೆ. ಕೊಳವೆ ಬಿಡುವ ಮೊದಲು ಕೂಸಿನ ಮೂತ್ರ ಹೀರಿ ಉಪ್ಪಿನಂಶ ನೋಡುತ್ತಾರೆ. ಗಟ್ಟಿ ಕಿಡ್ನಿ ಉಪ್ಪನ್ನು ಬಿಟ್ಟುಕೊಡುವುದಿಲ್ಲ, ಹಿಂದಕ್ಕೆ ಹೀರಿಕೊಳ್ಳುತ್ತದೆ. ಮೂತ್ರ ಉಪ್ಪುಪ್ಪಾಗಿದ್ದರೆ ಕಿಡ್ನಿ ಸೋತಿದೆ ಎಂದೇ ಲೆಕ್ಕ.

ಕೊಳವೆಯಿಂದ ನಿಜಕ್ಕೂ ಲಾಭವಿದೆಯೇ? ಬ್ರಿಟನ್ನಿನ ವೈದ್ಯರ ಮುಂದಾಳತ್ವದಲ್ಲಿ ನಡೆದ 'ಪ್ಲೂಟೊ' ಪರೀಕ್ಷೆಯ ಫಲಿತಾಂಶ 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 150 ಬಸುರಿಯರು ಬೇಕಿತ್ತು, ಸಿಕ್ಕಿದ್ದು 31. ಕೊಳವೆಯ ಪಾಲಿಗೆ ಬಂದ 16 ಕೂಸುಗಳಲ್ಲಿ 8, ಉಳಿದ 15ರಲ್ಲಿ 4 ಹುಟ್ಟಿ 28 ದಿನ ದಾಟಿದವು. ಇಷ್ಟು ಸಣ್ಣ ಲೆಕ್ಕ ಹಿಡಿದು ಗಟ್ಟಿಯಾಗಿ ಏನೂ ಹೇಳಲಾಗದು. ಎರಡು ವರ್ಷ ತುಂಬಿದಾಗ ಕಿಡ್ನಿ ಸರಿಯಿದ್ದ ಮಕ್ಕಳು ಒಟ್ಟು ಇಬ್ಬರೇ.